ಒಡೆಯರಪಾಳ್ಯದಿಂದ ಕಂಡ ಅಂತರ್ಜಾಲ



ಅಂತರ್ಜಾಲದ ಸ್ವಾತಂತ್ರ್ಯ ಎಂದರೆ ಬೆಂಗಳೂರಿನವರ ವಿಷಯ ಎಂಬ ಭಾವನೆ ನಮ್ಮ ಕಡೆ ಬಲವಾಗಿದೆ. ಸಾಫ್ಟ್‌ವೇರ್ ಕಂಪನಿಗಳು ಅಲ್ಲಿವೆ, ಹೈಕೋರ್ಟು ಅಲ್ಲಿದೆ, ವಾದ ಮಾಡುವವರೂ ಅಲ್ಲೇ ಇದ್ದಾರೆ. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯಕ್ಕೆ ಬಂದರೆ ಕಾಣುವುದು ಮುಸುಕಿನ ಜೋಳದ ಹೊಲ, ಕಾಡಂಚು, ಟಿಬೆಟಿಯನ್ನರ ಪ್ರಾರ್ಥನಾ ಬಾವುಟಗಳು. ಇಲ್ಲಿ ಕೂತು ಜಾಲದ ಮಾತು ಆಡುವುದು ಏಕೆ? ಏಕೆಂದರೆ ಕಳೆದ ಮೂವತ್ತು ವರ್ಷಗಳಲ್ಲಿ ಜಾಲದ ಬಗ್ಗೆ ಎದ್ದ ದೊಡ್ಡ ವಾದಗಳೆಲ್ಲ ಈ ಊರಿನ ಬದುಕನ್ನು ಮುಟ್ಟಿವೆ. ವಾದ ಮಾಡಿದವರು ಈ ಊರನ್ನು ನೋಡಿರಲಿಲ್ಲ, ಅಷ್ಟೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಒಂದೇ ಬಾಗಿಲಿರುವ ಮನೆಯಲ್ಲಿ ಬಾಗಿಲು ಕಾಯುವವನೇ ಯಜಮಾನನಾಗುತ್ತಾನೆ. ಆ ಕಾವಲುಗಾರ ಸರ್ಕಾರವಾಗಿರಬಹುದು, ಕಂಪನಿಯಾಗಿರಬಹುದು. ಒಳಗಿರುವವರ ಪಾಡು ಒಂದೇ. ಜಾಲ ಹುಟ್ಟಿದ್ದು ಇಂಥ ಒಂಟಿ ಬಾಗಿಲು ಬೇಡ ಎಂಬ ಆಸೆಯಿಂದ. 1993ರ ಏಪ್ರಿಲ್ 30ರಂದು ಜಿನೀವಾ ಬಳಿಯ ಸರ್ನ್ ಸಂಸ್ಥೆ, ಟಿಮ್ ಬರ್ನರ್ಸ್-ಲೀ ಅಲ್ಲಿ ರೂಪಿಸಿದ್ದ ವರ್ಲ್ಡ್ ವೈಡ್ ವೆಬ್‌ನ ತಂತ್ರಾಂಶವನ್ನು ಎಲ್ಲರ ಸ್ವತ್ತೆಂದು ಬಿಟ್ಟುಕೊಟ್ಟಿತು. ಯಾರ ಅಪ್ಪಣೆಯೂ ಬೇಡ, ಯಾರಿಗೂ ರಾಯಧನ ಕೊಡಬೇಕಾಗಿಲ್ಲ, ಯಾರು ಬೇಕಾದರೂ ಪುಟ ಕಟ್ಟಬಹುದು, ಯಾರು ಬೇಕಾದರೂ ಓದಬಹುದು. ಆ ಮಾತು ಇಂದು ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಜಾಲದ ತುತ್ತತುದಿಯಲ್ಲಿರುವ ಮನೆಗಳಲ್ಲಿ ವಿಚಾರಿಸಬೇಕು.

ನಮ್ಮ ನೆರೆಯವರಿಂದ ಶುರು ಮಾಡುತ್ತೇನೆ. ಕರ್ನಾಟಕದಲ್ಲಿ ಟಿಬೆಟಿಯನ್ನರ ಐದು ನೆಲೆಗಳಿವೆ: ಬೈಲಕುಪ್ಪೆಯಲ್ಲಿ ಎರಡು, ಹುಣಸೂರಿನ ಬಳಿ ಒಂದು, ಮುಂಡಗೋಡದಲ್ಲಿ ಒಂದು, ಐದನೆಯದು ಒಡೆಯರಪಾಳ್ಯದಲ್ಲಿರುವ ನಮ್ಮ ಧೊಂಡೆನ್‌ಲಿಂಗ್. 1973-74ರಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಇದು ಆರಂಭವಾಯಿತು. ಅಂದು ಬಂದವರು ಕಾಡಂಚಿನ ಜಮೀನು ಹಸನು ಮಾಡಿದರು, ಜೋಳ ಬಿತ್ತಿದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಕನ್ನಡ ಮಾತಾಡುತ್ತಾ ಬೆಳೆದರು. ಆದರೆ ಎಷ್ಟೋ ಮನೆಗಳಿಗೆ ಹಿಮಾಲಯದ ಆಚೆ ಅಣ್ಣನೋ ಅಕ್ಕನೋ ಉಳಿದೇ ಇದ್ದರು. ಪತ್ರ ಹೋಗುವುದು ದುಸ್ತರ, ಫೋನ್ ಕರೆ ದುಬಾರಿ, ಅದನ್ನು ಕೇಳಿಸಿಕೊಳ್ಳುವ ಕಿವಿಗಳೂ ನಡುವೆ ಇರುತ್ತಿದ್ದವು.

ಸ್ಮಾರ್ಟ್‌ಫೋನ್ ಬಂದ ಮೇಲೆ ಆ ದೂರ ಇದ್ದಕ್ಕಿದ್ದಂತೆ ಕುಗ್ಗಿತು. ಚೀನಾದ ಆಡಳಿತವಿರುವಲ್ಲಿ ಫೇಸ್‌ಬುಕ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ, ಗೂಗಲ್ ಇಲ್ಲ, ಇರುವುದು ವೀಚಾಟ್. ಹಾಗಾಗಿ ಭಾರತದ ಟಿಬೆಟಿಯನ್ ನೆಲೆಗಳೂ ವೀಚಾಟ್ ಹಾಕಿಕೊಂಡವು. ಅಜ್ಜಿಯೊಬ್ಬಳು ಇಲ್ಲಿ ಕೂತು ಅಲ್ಲಿರುವ ಮೊಮ್ಮಗನ ದನಿ ಕೇಳುವುದು, ಮದುವೆಯ ಫೋಟೊ ನೋಡುವುದು, ಸಾವಿನ ಸುದ್ದಿ ಅಂದೇ ತಿಳಿಯುವುದು ಸಾಧ್ಯವಾಯಿತು. ಇದನ್ನು ಬರಿಯ ಮನರಂಜನೆ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಜಾಲ ಮನುಷ್ಯರಿಗೆ ಮಾಡಿದ ಅತಿದೊಡ್ಡ ಉಪಕಾರ ಇದು.

ಆ ಬಾಗಿಲಲ್ಲಿ ಕಾವಲುಗಾರನಿದ್ದ. ವೀಚಾಟಿನಲ್ಲಿ ಆಡಿದ ಮಾತು ಯಾರದೋ ಕಡತ ಸೇರುತ್ತದೆ ಎಂದು ಟಿಬೆಟಿಯನ್ ಕಾರ್ಯಕರ್ತರು ಮೊದಲಿಂದಲೂ ಎಚ್ಚರಿಸುತ್ತಲೇ ಇದ್ದರು. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಸಂಶೋಧಕರು 2020ರ ಮೇ ತಿಂಗಳಲ್ಲಿ ಅದಕ್ಕೆ ಪುರಾವೆ ಕೊಟ್ಟರು: ಚೀನಾದ ಹೊರಗೆ ನೋಂದಾಯಿಸಿದ ಖಾತೆಗಳು ಕಳಿಸುವ ಚಿತ್ರ ಮತ್ತು ಕಡತಗಳನ್ನೂ ವೀಚಾಟ್ ಪರಿಶೀಲಿಸುತ್ತದೆ, ಅವುಗಳ ನೆರವಿನಿಂದ ಚೀನಾದ ಒಳಗಿನ ಖಾತೆಗಳ ಮೇಲಿನ ಸೆನ್ಸಾರ್ ಪಟ್ಟಿಯನ್ನು ಬೆಳೆಸುತ್ತದೆ. ಇಲ್ಲಿಂದ ಪ್ರೀತಿಯಿಂದ ಕಳಿಸಿದ ಒಂದು ಚಿತ್ರ, ಅಲ್ಲಿ ತಡೆಹಿಡಿಯಬೇಕಾದ ಚಿತ್ರಗಳ ಪಟ್ಟಿಗೆ ಸೇರಬಹುದಿತ್ತು.

ಅದಾಗಿ ಎರಡು ತಿಂಗಳು ತುಂಬುವ ಮೊದಲೇ, 2020ರ ಜೂನ್ 29ರಂದು, ಚೀನಾ ಗಡಿಯ ಘರ್ಷಣೆಯ ಬೆನ್ನಲ್ಲೇ ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ದೇಶವೆಲ್ಲ ಟಿಕ್‌ಟಾಕ್ ಬಗ್ಗೆ ಮಾತಾಡಿತು. ಅದೇ ಪಟ್ಟಿಯಲ್ಲಿ ವೀಚಾಟ್ ಕೂಡ ಇತ್ತು. ದೇಶದ ಭದ್ರತೆಗೆ ಆ ನಿಷೇಧ ಬೇಕಿತ್ತೇ? ಬೇಕಿದ್ದಿರಬಹುದು, ಮೇಲಿನ ಪುರಾವೆ ನೋಡಿದರೆ ಆ ವಾದಕ್ಕೆ ಬಲವಿದೆ. ಆದರೆ ಗಡಿಯಾಚೆ ಒಡಹುಟ್ಟಿದವರಿರುವ ಮನೆಗಳಿಗೆ ಬದಲಿ ದಾರಿ ಏನು ಎಂದು ಆ ಪಟ್ಟಿ ಮಾಡಿದವರು ಯೋಚಿಸಿದ ಲಕ್ಷಣ ಎಲ್ಲೂ ಕಾಣಲಿಲ್ಲ. ಕೆಲವರು ತಡೆಯನ್ನು ಸುತ್ತಿಬಳಸಿ ದಾಟಿಸುವ ವಿಪಿಎನ್ ಹಿಡಿದರು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಂಡಿರಬೇಕು ಎಂದು ನಿರ್ದೇಶನ ಹೊರಡಿಸಿತು; ಹಲವು ಕಂಪನಿಗಳು ತಮ್ಮ ಸರ್ವರ್‌ಗಳನ್ನೇ ಭಾರತದಿಂದ ತೆಗೆದವು. ಒಂದು ಸರ್ಕಾರ ಕದ್ದು ಕೇಳುತ್ತಿದ್ದ ಬಾಗಿಲನ್ನು ಇನ್ನೊಂದು ಸರ್ಕಾರ ಮುಚ್ಚಿತು. ಅಜ್ಜಿಗೆ ಎರಡೂ ಸಲ ಯಾರೂ ಏನನ್ನೂ ಕೇಳಲಿಲ್ಲ.

ಟಿಬೆಟಿಯನ್ನರ ಅನುಭವ ನಮಗೆ ಕಲಿಸುವುದು ಇನ್ನೂ ಇದೆ. 2009ರ ಮಾರ್ಚ್‌ನಲ್ಲಿ ‘ಘೋಸ್ಟ್‌ನೆಟ್’ ಎಂಬ ಗೂಢಚಾರಿಕೆಯ ಜಾಲ ಬಯಲಾಯಿತು. ತನಿಖೆ ಆರಂಭವಾದದ್ದು ಧರ್ಮಶಾಲೆಯಲ್ಲಿ, ದಲೈ ಲಾಮಾ ಅವರ ಕಚೇರಿಯ ಕಂಪ್ಯೂಟರ್‌ಗಳಿಂದ. ಕೊನೆಗೆ 103 ದೇಶಗಳಲ್ಲಿ 1,295 ಕಂಪ್ಯೂಟರ್‌ಗಳು ಸೋಂಕಿತವಾಗಿದ್ದುದು ಪತ್ತೆಯಾಯಿತು. ಮಿಂಚಂಚೆಗೆ ಅಂಟಿಸಿದ ಒಂದು ಕಡತ ತೆರೆದರೆ ಸಾಕಿತ್ತು. ಹತ್ತು ವರ್ಷದ ಮೇಲೆ, 2019ರಲ್ಲಿ ಸಿಟಿಜನ್ ಲ್ಯಾಬ್ ಇನ್ನೊಂದು ದಾಳಿಯನ್ನು ವಿವರಿಸಿತು: ಪತ್ರಕರ್ತರಂತೆ, ಸಂಸ್ಥೆಯವರಂತೆ ನಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಟಿಬೆಟಿಯನ್ ಮುಖಂಡರಿಗೆ ಕೊಂಡಿ ಕಳಿಸುತ್ತಿದ್ದರು, ಒಮ್ಮೆ ಒತ್ತಿದರೆ ಮೊಬೈಲ್ ಅವರ ವಶ. ಇಂದು ಹನೂರಿನ ರೈತನಿಗೆ ಬ್ಯಾಂಕಿನ ಹೆಸರಲ್ಲಿ ಬರುವ ಮೋಸದ ಕೊಂಡಿಗಳೂ ಇದೇ ದಾರಿಯಲ್ಲಿ ಬರುತ್ತವೆ. ಗುರುತಿಲ್ಲದ ಕೊಂಡಿಯನ್ನು ಒತ್ತಬೇಡಿ ಎಂಬ ಪಾಠವನ್ನು ನಮ್ಮ ಶಾಲೆಗಳಲ್ಲಿ ಹೇಳಿಸಬೇಕಾದರೆ ಟಿಬೆಟಿಯನ್ ಮಠಗಳ, ನೆಲೆಗಳ ಯುವಕರನ್ನು ಕರೆಯಿಸಿ. ನಮಗಿಂತ ಮೊದಲು ಅವರು ಈ ಪೆಟ್ಟು ತಿಂದಿದ್ದಾರೆ.

ಇನ್ನು ಕಾನೂನಿನ ಮಾತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ತೆಗೆದುಹಾಕಿದಾಗ ದೇಶ ಸಂತೋಷಪಟ್ಟಿತು. ಫೇಸ್‌ಬುಕ್ಕಿನ ಒಂದು ಸಾಲಿಗಾಗಿ ಹುಡುಗಿಯರನ್ನು ಬಂಧಿಸಿದ ನೆನಪು ಆಗ ಹಸಿಯಾಗಿತ್ತು. ಅದೇ ತೀರ್ಪು 69ಎ ಕಲಮನ್ನು ಉಳಿಸಿತು ಎಂಬುದನ್ನು ಮಾತ್ರ ಬಹಳ ಜನ ಗಮನಿಸಲಿಲ್ಲ. ಜಾಲತಾಣಗಳನ್ನು, ಖಾತೆಗಳನ್ನು ತಡೆಯುವ ಅಧಿಕಾರ ಇರುವುದು ಅದರಲ್ಲಿ. ಕಾರಣವನ್ನು ಬರೆದಿಡಬೇಕು, ವಿಧಾನ ಪಾಲಿಸಬೇಕು ಎಂಬ ಆಸರೆಯ ಮೇಲೆ ನ್ಯಾಯಾಲಯ ಅದನ್ನು ಒಪ್ಪಿತು. ಆದರೆ 2009ರ ನಿಯಮಗಳ 16ನೆಯ ನಿಯಮ ಆ ಆದೇಶಗಳನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ. ಬರೆದಿಟ್ಟ ಕಾರಣವನ್ನು ಓದಲು ಸಿಗದಿದ್ದರೆ ಬರೆದಿಟ್ಟು ಫಲವೇನು?

ಮುಂದಿನ ದೊಡ್ಡ ಪ್ರಕರಣಗಳು ನಮ್ಮದೇ ಹೈಕೋರ್ಟಿನಲ್ಲಿ ನಡೆದವು. ತಡೆ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್ ಅರ್ಜಿಯನ್ನು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು 2023ರ ಜೂನ್ 30ರಂದು ತಳ್ಳಿಹಾಕಿ, ಕಂಪನಿಗೆ 50 ಲಕ್ಷ ರೂಪಾಯಿ ದಂಡ ಹಾಕಿದರು. ‘ಸಹಯೋಗ್’ ಪೋರ್ಟಲ್ ಮೂಲಕ ಸರ್ಕಾರಿ ಅಧಿಕಾರಿಗಳು ನೇರವಾಗಿ ಕಂಪನಿಗಳಿಗೆ ತೆಗೆಯಿರಿ ಎನ್ನುವ ವ್ಯವಸ್ಥೆಯನ್ನು ಎಕ್ಸ್ ಕಂಪನಿ (ಟ್ವಿಟರ್‌ನ ಈಗಿನ ಹೆಸರು) ಪ್ರಶ್ನಿಸಿದಾಗ, ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2025ರ ಸೆಪ್ಟೆಂಬರ್ 24ರಂದು ಅದನ್ನೂ ವಜಾ ಮಾಡಿದರು. ಸಂವಿಧಾನದ 19ನೆಯ ವಿಧಿಯ ಹಕ್ಕು ಈ ದೇಶದ ನಾಗರಿಕರದು, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ ಎಂಬುದು ತೀರ್ಪಿನ ಒಂದು ಮುಖ್ಯ ನಿಲುವು.

ಈ ನಿಲುವನ್ನು ನಾನು ಗೌರವದಿಂದಲೇ ಪ್ರಶ್ನಿಸುತ್ತೇನೆ. ಹಕ್ಕು ನಾಗರಿಕನದು, ಸರಿ. ಹಾಗಾದರೆ ನೋಟಿಸ್ ನಾಗರಿಕನಿಗೆ ಬರಬೇಕಲ್ಲವೇ? ನಮ್ಮ ತಾಲ್ಲೂಕಿನ ಒಬ್ಬ ಯುವಕ ಕಾಡಿನ ರಸ್ತೆಯ ಬಗ್ಗೆಯೋ ಪಡಿತರದ ಬಗ್ಗೆಯೋ ಬರೆದ ಬರಹ ತೆಗೆದುಹಾಕಲ್ಪಟ್ಟರೆ, ಆದೇಶ ಹೋಗುವುದು ಕಂಪನಿಗೆ. ಆದೇಶದ ಪ್ರತಿ ಗೋಪ್ಯ. ಪ್ರತಿ ಪಡೆದವರಿಗೆ ಹಕ್ಕಿಲ್ಲ, ಹಕ್ಕಿದ್ದವನಿಗೆ ಪ್ರತಿಯಿಲ್ಲ. ಎಕ್ಸ್ ಕಂಪನಿಯ ಮೇಲೆ ನನಗೆ ಮಮತೆಯೇನೂ ಇಲ್ಲ. ಸುಳ್ಳು ಹರಡುವುದರಿಂದ, ಹೆಣ್ಣುಮಕ್ಕಳ ತಿರುಚಿದ ಚಿತ್ರಗಳಿಂದ ಆಗುವ ನೋವೂ ನನಗೆ ಗೊತ್ತು. 2025ರ ಏಪ್ರಿಲ್‌ನಲ್ಲಿ ಇದೇ ಹೈಕೋರ್ಟು, ಮಹಿಳಾ ಸಿಬ್ಬಂದಿಗೆ ಅಶ್ಲೀಲ ಮಿಂಚಂಚೆ ಕಳಿಸಿದ ಪ್ರಕರಣವೊಂದರಲ್ಲಿ ಪ್ರೋಟಾನ್ ಮೇಲ್ ಸೇವೆಯನ್ನೇ ತಡೆಯಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಹೇಳಿತು. ಆ ಹೆಣ್ಣುಮಕ್ಕಳ ಸಂಕಟ ನಿಜ. ಆದರೆ ಅದೇ ಗೂಢಲಿಪಿಯ ಮಿಂಚಂಚೆಯನ್ನು ಜಗತ್ತಿನಾದ್ಯಂತ ಪತ್ರಕರ್ತರು, ದೇಶಭ್ರಷ್ಟರು ಜೀವರಕ್ಷಣೆಗೆ ಬಳಸುತ್ತಾರೆ. ಅಪರಾಧಿಯನ್ನು ಹಿಡಿಯುವುದು ಕಷ್ಟವೆಂದು ಇಡೀ ಅಂಚೆಯನ್ನು ನಿಲ್ಲಿಸುವುದು ನ್ಯಾಯವಾಗುವುದಿಲ್ಲ.

ಇಡೀ ಊರಿನ ಜಾಲವನ್ನೇ ಕಡಿಯುವ ರೂಢಿಯೂ ನಮ್ಮಲ್ಲಿದೆ. 2019ರ ಡಿಸೆಂಬರ್‌ನಲ್ಲಿ, ಇಬ್ಬರು ಗೋಲಿಬಾರಿಗೆ ಬಲಿಯಾದ ರಾತ್ರಿಯಿಂದ, ದಕ್ಷಿಣ ಕನ್ನಡದಲ್ಲಿ 48 ಗಂಟೆಗಳ ಕಾಲ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದರು. ಏನಾಯಿತು ಎಂದು ಜನ ತಿಳಿಯಬೇಕಾದ ಹೊತ್ತದು. ಮೂರು ವಾರಗಳ ನಂತರ, 2020ರ ಜನವರಿ 10ರಂದು, ಕಾಶ್ಮೀರದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ಜಾಲ ಕಡಿಯುವಂತಿಲ್ಲ ಎಂದಿತು. ಆದರೂ 2024ರಲ್ಲಿ ಭಾರತದಲ್ಲಿ 84 ಸಲ ಜಾಲ ಕಡಿದದ್ದನ್ನು ಆ್ಯಕ್ಸೆಸ್ ನೌ ಸಂಸ್ಥೆ ಲೆಕ್ಕ ಹಾಕಿದೆ.

ಕಾನೂನಿನಷ್ಟೇ ಮುಖ್ಯವಾದ ಇನ್ನೊಂದು ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಸಭೆಗಳಲ್ಲಿ ಮಾತು ಕಡಿಮೆ. ಲಿಪಿ. ಒಡೆಯರಪಾಳ್ಯದಲ್ಲಿ ಕನ್ನಡ, ಟಿಬೆಟಿಯನ್ ಎಂಬ ಎರಡು ಲಿಪಿಗಳು ಅಕ್ಕಪಕ್ಕ ಬದುಕುತ್ತಿವೆ, ಎರಡೂ ಬ್ರಾಹ್ಮಿಯ ಕುಲದವು. 1991ರಲ್ಲಿ, ಎಲ್ಲ ಲಿಪಿಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯುನಿಕೋಡ್‌ನ ಮೊದಲ ಆವೃತ್ತಿ ಬಂದಾಗ ಎರಡೂ ಅದರಲ್ಲಿದ್ದವು. ಆದರೆ ಟಿಬೆಟಿಯನ್ ಅಕ್ಷರಗಳ ಕೆಳಗೆ ಅಕ್ಷರ ಕಟ್ಟುವ ಕ್ರಮವನ್ನು ಸರಿಯಾಗಿ ಹಿಡಿದಿಲ್ಲವೆಂದು ಮುಂದಿನ ಆವೃತ್ತಿಯಲ್ಲಿ ಆ ಲಿಪಿಯನ್ನು ತೆಗೆದರು. ಹೊಸದಾಗಿ ರೂಪಿಸಿ 1996ರ ಎರಡನೆಯ ಆವೃತ್ತಿಯಲ್ಲಿ ಮತ್ತೆ ಸೇರಿಸಿದರು. ಆಮೇಲೆ ಚೀನಾ, ಒತ್ತಕ್ಷರ ಸೇರಿದ ಒಂಬೈನೂರಕ್ಕೂ ಹೆಚ್ಚು ಸಿದ್ಧ ಟಿಬೆಟಿಯನ್ ಅಕ್ಷರಗುಚ್ಛಗಳನ್ನು ಬೇರೆಯಾಗಿ ಸೇರಿಸಬೇಕೆಂದು ಕೇಳಿತು. ಒಪ್ಪಿದ್ದರೆ ಒಂದೇ ಪದವನ್ನು ಎರಡು ಬಗೆಯಲ್ಲಿ ಬರೆಯುವಂತಾಗಿ, ಒಬ್ಬರು ಬರೆದದ್ದು ಇನ್ನೊಬ್ಬರ ಹುಡುಕಾಟಕ್ಕೆ ಸಿಗದೆ ಹೋಗುತ್ತಿತ್ತು. ಪ್ರಸ್ತಾವ ಬಿದ್ದುಹೋಯಿತು. ತಾಂತ್ರಿಕ ಸಮಿತಿಯ ಒಂದು ಕೋಣೆಯಲ್ಲಿ ನಡೆದ ಈ ಚರ್ಚೆ ಒಂದು ಜನಾಂಗದ ಬರವಣಿಗೆ ಇಬ್ಭಾಗವಾಗುವುದನ್ನು ತಪ್ಪಿಸಿತು.

ನಮಗೆ ಆ ಅದೃಷ್ಟ ಇರಲಿಲ್ಲ. ಕನ್ನಡ ಬರಹ ಎರಡು ದಶಕ ಇಬ್ಭಾಗವಾಗಿಯೇ ಇತ್ತು. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕನ್ನಡಿಗರಿಗೆ ಕೀಲಿಮಣೆ ಕೊಟ್ಟವು, ಕೆ.ಪಿ. ರಾವ್ ಅವರು ತಾವು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆ ಹಕ್ಕು ಸ್ಥಾಪಿಸದೆ ನಾಡಿಗೆ ಬಿಟ್ಟುಕೊಟ್ಟರು. ಈ ಹಿರಿಯರ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಪುಟ ಅರ್ಥವಿಲ್ಲದ ಗುರುತುಗಳ ರಾಶಿ. ಹುಡುಕಿದರೆ ಸಿಗದು, ಕುರುಡರಿಗೆ ಓದಿ ಹೇಳುವ ತಂತ್ರಾಂಶಕ್ಕೂ ದಕ್ಕದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಯುನಿಕೋಡಿನಲ್ಲೇ ಬೆಳೆದು ದಾರಿ ತೋರಿಸಿತು. ಸರ್ಕಾರದ ಎಷ್ಟೋ ಆದೇಶಗಳು ಮಾತ್ರ ಇಂದಿಗೂ ಸ್ಕ್ಯಾನ್ ಮಾಡಿದ ಚಿತ್ರಗಳಾಗಿಯೇ ಜಾಲತಾಣ ಸೇರುತ್ತಿವೆ. ಇಲ್ಲಿನ ಕಾಡಿನ ಸೋಲಿಗರ ಅರಣ್ಯ ಹಕ್ಕಿನ ಆದೇಶವನ್ನು ಹುಡುಕಲು ಹೊರಟವರಿಗೆ ಅದು ಸಿಗದಿದ್ದರೆ, ಯಾರೂ ತಡೆ ಆದೇಶ ಹೊರಡಿಸಬೇಕಾಗಿಲ್ಲ. ಮಾಹಿತಿ ತಾನಾಗಿಯೇ ತಡೆಯಲ್ಪಟ್ಟಿದೆ.

ಲಿಪಿಯಂತೆಯೇ ಪುಟದ ಭಾರವೂ ಬಾಗಿಲು ಮುಚ್ಚಬಲ್ಲದು. ಜಾಲಪುಟ ಕಟ್ಟುವವರ ನಡುವೆ ಒಂದು ಹಳೆಯ ಜಗಳವಿದೆ. ಪುಟವನ್ನು ಸರ್ವರ್‌ನಲ್ಲೇ ಸಿದ್ಧಮಾಡಿ ಕಳಿಸಬೇಕೇ, ಅಥವಾ ಖಾಲಿ ಚೌಕಟ್ಟು ಕಳಿಸಿ ಉಳಿದದ್ದನ್ನು ಜಾವಾಸ್ಕ್ರಿಪ್ಟ್ ಮೂಲಕ ಓದುಗರ ಮೊಬೈಲಿನಲ್ಲೇ ಕಟ್ಟಬೇಕೇ? 2013ರಲ್ಲಿ ಫೇಸ್‌ಬುಕ್ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಲಕರಣೆಯನ್ನು ಬಿಡುಗಡೆ ಮಾಡಿದ ಮೇಲೆ ಎರಡನೆಯ ಪಕ್ಷ ಗೆದ್ದಂತೆ ಕಂಡಿತು. 2010ರ ಸುಮಾರಿಗೆ ಅರ್ಧ ಎಂಬಿಯಷ್ಟಿದ್ದ ಸಾಧಾರಣ ಜಾಲಪುಟ ಈಗ ಎರಡು ಎಂಬಿ ಮೀರಿದೆ. ಬೆಂಗಳೂರಿನ ಕಚೇರಿಯಲ್ಲಿ ಇದು ಅಭಿರುಚಿಯ ಪ್ರಶ್ನೆ. ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಬೇಕಾದ ಸೋಲಿಗರ ಪೋಡಿನಲ್ಲಿ ಇದು ಅನ್ನದ ಪ್ರಶ್ನೆ. ಪುಟ ಅರ್ಧ ಬಂದು ನಿಲ್ಲುತ್ತದೆ, ಬಿಳಿ ಪರದೆ ಉಳಿಯುತ್ತದೆ, ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿಯುತ್ತದೆ. ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರದ ಮುಂದೆ ನಮ್ಮವರು ಕೇಳುವ ಮಾತು ‘ಸರ್ವರ್ ಡೌನ್, ನಾಳೆ ಬನ್ನಿ.’ ಆ ನಾಳೆಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಹೊತ್ತೂ ಹೋಗುತ್ತದೆ. ಮೂರು ಅಂಕಣದ ಒಂದು ಅರ್ಜಿಗೆ ಹಗುರವಾದ, ಸರ್ವರ್‌ನಿಂದಲೇ ಸಿದ್ಧವಾಗಿ ಬರುವ ಪುಟ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾರ್ವಜನಿಕ ಸೇವೆಯ ಪುಟವನ್ನು ಭಾರವಾಗಿ ಕಟ್ಟುವವರು, ತಮಗೆ ಗೊತ್ತಿಲ್ಲದೆಯೇ, ಬಡವರನ್ನು ಹೊರಗಿಡುತ್ತಿದ್ದಾರೆ.

ಗಣಕೀಕರಣವೇ ಬೇಡವೆಂದು ನಾನು ಹೇಳುತ್ತಿಲ್ಲ. ಎರಡು ದಶಕದ ಹಿಂದೆ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ, ಒಂದು ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ತಿರುಗುವುದು ತಪ್ಪಿತು. ತಂತ್ರಜ್ಞಾನ ಒಂದು ಬಾಗಿಲಿದ್ದಲ್ಲಿ ಎರಡನೆಯದನ್ನು ತೆರೆದರೆ ಅದು ಬಿಡುಗಡೆ. ಇದ್ದ ಕಾಗದದ ಬಾಗಿಲನ್ನು ಮುಚ್ಚಿಸಿ ಮೊಬೈಲ್ ಒಂದನ್ನೇ ಉಳಿಸಿದರೆ ಅದು ಬಂಧನ.

ನಮ್ಮಂಥ ಊರುಗಳ ಹೆಸರು ಹೇಳಿ ನಡೆದ ಒಂದು ದೊಡ್ಡ ವಾದವನ್ನೂ ನೆನೆಯಬೇಕು. ಬಡವರಿಗೆ ಕೆಲವೇ ತಾಣಗಳನ್ನು ಉಚಿತವಾಗಿ ಕೊಡುತ್ತೇವೆ ಎಂದು ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ತಂದಿತು. ಏನೂ ಇಲ್ಲದವನಿಗೆ ಸ್ವಲ್ಪವಾದರೂ ಸಿಗಲಿ ಬಿಡಿ ಎಂದವರು ಬಹಳ. ಜಾಲದಲ್ಲಿ ಪಕ್ಷಪಾತ ಕೂಡದೆಂದು 2015ರ ಏಪ್ರಿಲ್‌ನಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಜನ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ಗೆ ಮಿಂಚಂಚೆ ಬರೆದಿದ್ದರು. 2016ರ ಫೆಬ್ರವರಿ 8ರಂದು ಟ್ರಾಯ್, ತಾಣಕ್ಕೊಂದು ದರ ಕೂಡದು ಎಂದು ನಿಯಮ ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಬೆಲೆ ಕುಸಿಯಿತು, ಹಳ್ಳಿಗೂ ಪೂರ್ತಿ ಜಾಲವೇ ಬಂತು. ಜನ ದನಿ ಎತ್ತಿದರೆ ನಿಯಮ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಕಾಣುವುದಿಲ್ಲ.

ಕಾನೂನು ಬದಲಾಯಿಸುವುದು ದೆಹಲಿಯ ಕೆಲಸ. ತಡೆ ಆದೇಶದ ಪ್ರತಿ ಬರೆದವನ ಕೈಗೂ ಸೇರಬೇಕೆಂದು ನಮ್ಮ ಸಂಸದರಿಗೆ ಪತ್ರ ಬರೆಯುವುದು ನಮ್ಮ ಕೆಲಸ. ಪುಟ ಕಟ್ಟುವ ಕೆಲಸಕ್ಕೆ ಬೆಂಗಳೂರಿಗೆ ಹೋಗಿರುವ ಕೊಳ್ಳೇಗಾಲ, ಹನೂರು, ಯಳಂದೂರಿನ ಯುವಕ ಯುವತಿಯರಲ್ಲಿ ನನ್ನ ಕೋರಿಕೆ: ನೀವು ಕಟ್ಟಿದ ಪುಟವನ್ನು ಹಬ್ಬಕ್ಕೆ ಊರಿಗೆ ಬಂದಾಗ ಇಲ್ಲಿನ ಸಿಗ್ನಲ್‌ನಲ್ಲಿ, ನಿಮ್ಮ ತಾಯಿಯ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ, ತೆರೆಯದಿದ್ದರೆ ಕಚೇರಿಗೆ ಮರಳಿ ವಾದ ಮಾಡಿ. ಇಲ್ಲಿ ಕೂತಿರುವ ಹಿರಿಯರಲ್ಲಿ ಕೋರುವುದು ಎರಡು. ಪಂಚಾಯಿತಿಗೆ, ತಾಲ್ಲೂಕಿಗೆ ಸಂಬಂಧಿಸಿದ ಪ್ರತಿ ಆದೇಶವೂ ಯುನಿಕೋಡ್ ಕನ್ನಡದ ಪಠ್ಯವಾಗಿ ಜಾಲತಾಣದಲ್ಲಿ ಸಿಗಬೇಕು. ಸರ್ವರ್ ಡೌನ್ ಆದ ದಿನ ಕಾಗದದ ಅರ್ಜಿ ಪಡೆದು ಸ್ವೀಕೃತಿ ಕೊಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಎರಡನ್ನೂ ಎದ್ದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದರ ನಕಲು ಪಡೆದುಕೊಳ್ಳಿ.